ಕ್ಯಾಸೆಟ್‌ನಲ್ಲಿರುವ ಸ್ಪೆಕ್ಟ್ರಮ್ ಆಟಗಳನ್ನು ದೋಷವಿಲ್ಲದೆ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮ

ಸ್ಪೆಕ್ಟ್ರಮ್ ಎಂಬುದು 1982ರಲ್ಲಿ ಬಂದ ಮನೆಬಳಕೆಯ ಕಂಪ್ಯೂಟರ್, ಅದರ ಆಟಗಳು ಧ್ವನಿಯ ರೂಪದಲ್ಲಿ ಕ್ಯಾಸೆಟ್‌ನಲ್ಲಿ ಬರುತ್ತಿದ್ದವು. ಮ್ಯಾನಿಕ್ ಮೈನರ್, ಜೆಟ್‌ಪ್ಯಾಕ್, ನೈಟ್ ಲೋರ್ ಮುಂತಾದ ಆಟಗಳ ಮೂಲ ಕ್ಯಾಸೆಟ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಕ್ಯಾಸೆಟ್ಟನ್ನು ನುಡಿಸಿ ಅದರ ಧ್ವನಿಯನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುತ್ತಾರೆ, ಆ ಕಡತವನ್ನು, ಧ್ವನಿಯಿಂದ ಆಟದ ದತ್ತಾಂಶವನ್ನು ಓದಿ ತೆಗೆಯುವ ಪರಿವರ್ತಕ ತಂತ್ರಾಂಶಕ್ಕೆ ಕೊಡುತ್ತಾರೆ, ಅದು ಒಂದೆರಡು ಬ್ಲಾಕ್‌ಗಳನ್ನು, ಅಂದರೆ ದತ್ತಾಂಶದ ತುಂಡುಗಳನ್ನು, ಓದಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ತಂತ್ರಾಂಶದ ಆಯ್ಕೆಗಳನ್ನು ಬದಲಾಯಿಸುತ್ತಾ ದಿನಗಟ್ಟಲೆ ಕಳೆಯುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ತಂತ್ರಾಂಶದಲ್ಲಲ್ಲ, ಅದಕ್ಕಿಂತ ಮೊದಲಿನ ಹಂತಗಳಾದ ಡೆಕ್‌ನಲ್ಲಿ ಮತ್ತು ರೆಕಾರ್ಡಿಂಗ್‌ನಲ್ಲಿ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಆ ಮೊದಲ ಹಂತಗಳಿಗೇ ಮೀಸಲಾಗಿದೆ, ಮತ್ತು ಹಂತಗಳನ್ನು ಇಲ್ಲಿ ಕೊಟ್ಟಿರುವ ಅನುಕ್ರಮದಲ್ಲಿಯೇ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ಸುಮಾರು 40 ವರ್ಷ ಹಳೆಯ ಟೇಪು ಪ್ರತಿ ಬಾರಿ ಓಡಿದಾಗಲೂ ಅಷ್ಟಷ್ಟು ಸವೆಯುತ್ತದೆ, ಹಾಗಾಗಿ ಸಿದ್ಧತೆಯಿಲ್ಲದೆ ನುಡಿಸಿ ನೋಡುವುದು ಬೇಡ.

ಬೇಕಾಗುವ ಸಲಕರಣೆಗಳು

ಸುಸ್ಥಿತಿಯಲ್ಲಿರುವ ಒಂದು ಕ್ಯಾಸೆಟ್ ಡೆಕ್ ಅಥವಾ ಗಟ್ಟಿಮುಟ್ಟಾದ ಹಳೆಯ ಟೇಪ್‌ರೆಕಾರ್ಡರ್ ಬೇಕು. ನೇರವಾಗಿ ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಪುಟ್ಟ ಕ್ಯಾಸೆಟ್ ಪ್ಲೇಯರುಗಳನ್ನು ನಾನು ಸಲಹೆ ಮಾಡುವುದಿಲ್ಲ. ಅವುಗಳ ಮೋಟಾರಿನ ವೇಗ ಸ್ಥಿರವಾಗಿರುವುದಿಲ್ಲ. ಹಾಡಿಗೆ ಅದು ಸಾಕಾಗಬಹುದು, ದತ್ತಾಂಶಕ್ಕೆ ಸಾಲದು.

ಕಂಪ್ಯೂಟರಿನ ಕಡೆಯಲ್ಲಿ ಲೈನ್ ಇನ್ ಕಿಂಡಿಯಿರುವ ಸೌಂಡ್ ಕಾರ್ಡ್ ಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನಿಗೂ ಮೈಕಿಗೂ ಒಂದೇ ಆಗಿರುವ ಕಿಂಡಿಯು ಒಳಬರುವ ಧ್ವನಿಯ ಮಟ್ಟಿಗೆ ಮೈಕ್ ಕಿಂಡಿಯೇ ಆಗಿರುತ್ತದೆ, ಅದಕ್ಕೆ ಡೆಕ್‌ನ ಜೋರಾದ ಸಂಕೇತವನ್ನು ಕೊಟ್ಟರೆ ಅಲೆಗಳ ತುದಿ ಕತ್ತರಿಸಿಹೋಗುತ್ತದೆ. ಲೈನ್ ಇನ್ ಇರುವ ಪ್ರತ್ಯೇಕ ಯುಎಸ್‌ಬಿ ಸೌಂಡ್ ಕಾರ್ಡ್ ಈ ಕೆಲಸಕ್ಕೆ ಸಾಕು.

ಇವಲ್ಲದೆ ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಸುತ್ತಿದ ಕಡ್ಡಿಗಳು, ಅಯಸ್ಕಾಂತ ಗುಣವಿಲ್ಲದ ಸಣ್ಣ ಸ್ಕ್ರೂಡ್ರೈವರ್, ಒಂದು ಪೆನ್ಸಿಲ್, ಮತ್ತು ಕಳೆದುಕೊಂಡರೂ ಬೇಸರವಾಗದ ಒಂದು ಹಾಡಿನ ಕ್ಯಾಸೆಟ್ ಬೇಕು. ತಂತ್ರಾಂಶದಲ್ಲಿ ರೆಕಾರ್ಡಿಂಗಿಗೆ ಆಡಾಸಿಟಿ, ಪರಿವರ್ತನೆಗೆ ಫ್ಯೂಸ್-ಯುಟಿಲ್ಸ್ ಕಟ್ಟಿನಲ್ಲಿರುವ ಆಡಿಯೊ2ಟೇಪ್ ಅಥವಾ ಮೇಕ್‌ಟಿಜೆಡ್‌ಎಕ್ಸ್, ಪರೀಕ್ಷೆಗೆ ಫ್ಯೂಸ್ ಎಮ್ಯುಲೇಟರ್ (ಇಂದಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಅನ್ನು ಅನುಕರಿಸುವ ತಂತ್ರಾಂಶ) ಇದ್ದರೆ ಸಾಕು.

ಟೇಪಿನಲ್ಲಿರುವುದು ಏನು

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ, ಏಕೆಂದರೆ ಮುಂದಿನ ಎಲ್ಲ ತಪಾಸಣೆಯೂ ಇಲ್ಲಿನ ಅಂಕಿಗಳ ಮೇಲೆ ನಿಂತಿದೆ. 1982ರಲ್ಲಿ ಬಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನ ಪ್ರೊಸೆಸರ್ ಸೆಕೆಂಡಿಗೆ 35 ಲಕ್ಷ ಬಾರಿ ಮಿಡಿಯುತ್ತದೆ, ಟೇಪಿನ ಮೇಲಿನ ಪ್ರತಿಯೊಂದು ಅಲೆಯ ಉದ್ದವನ್ನೂ ಈ ಮಿಡಿತಗಳಲ್ಲಿಯೇ ಅಳೆಯಲಾಗುತ್ತದೆ. ಪ್ರತಿ ಬ್ಲಾಕಿನ ಆರಂಭದಲ್ಲಿ ಒಂದೇ ಸಮನಾಗಿ ಕೇಳಿಸುವ ಪೈಲಟ್ ಸ್ವರದ ಒಂದು ಪೂರ್ಣ ಅಲೆಗೆ 4336 ಮಿಡಿತಗಳು ಹಿಡಿಯುತ್ತವೆ, ಅಂದರೆ ಅದರ ಆವರ್ತನ ಸುಮಾರು 807 ಹರ್ಟ್ಜ್. ಅದರ ನಂತರ ಬರುವ ದತ್ತಾಂಶದಲ್ಲಿ ಸೊನ್ನೆಯ ಬಿಟ್‌ಗೆ 1710 ಮಿಡಿತಗಳ ಒಂದು ಅಲೆ, ಒಂದರ ಬಿಟ್‌ಗೆ ಅದರ ಎರಡರಷ್ಟು ಉದ್ದದ, 3420 ಮಿಡಿತಗಳ ಅಲೆ. ಆವರ್ತನದಲ್ಲಿ ಹೇಳುವುದಾದರೆ ಸೊನ್ನೆ ಸುಮಾರು 2047 ಹರ್ಟ್ಜ್, ಒಂದು ಸುಮಾರು 1023 ಹರ್ಟ್ಜ್.

ಸಾಮಾನ್ಯ ಬ್ಲಾಕಿಗೆ ಮೊದಲು ಹೆಡರ್, ಅಂದರೆ ಅದರ ಪರಿಚಯದ ಪುಟ್ಟ ಬ್ಲಾಕ್, ಬರುತ್ತದೆ. ಅದರಲ್ಲಿ 17 ಬೈಟ್‌ಗಳಿದ್ದು, ಆಟದ ಹೆಸರಿಗೆ 10 ಅಕ್ಷರಗಳ ಜಾಗವಿರುತ್ತದೆ. ಹೆಡರ್ ಆಗಲಿ ದತ್ತಾಂಶವಾಗಲಿ, ಪ್ರತಿ ಬ್ಲಾಕಿನ ಮುಂದೆ ಒಂದು ಗುರುತಿನ ಬೈಟ್, ಕೊನೆಯಲ್ಲಿ ತಪ್ಪನ್ನು ಪತ್ತೆಹಚ್ಚಲು ಒಂದು ಚೆಕ್‌ಸಮ್ ಬೈಟ್ ಇರುತ್ತದೆ. ಹೆಡರಿನ ಪೈಲಟ್ ಸ್ವರ ಸುಮಾರು 5 ಸೆಕೆಂಡ್, ದತ್ತಾಂಶದ್ದು ಸುಮಾರು 2 ಸೆಕೆಂಡ್. ಆಟ ತುಂಬಿಕೊಳ್ಳುವಾಗ ಮೂಡುವ ಚಿತ್ರ, ಅಂದರೆ ಲೋಡಿಂಗ್ ಪರದೆ, 6912 ಬೈಟ್‌ಗಳದ್ದು. ಸಾಮಾನ್ಯ ವೇಗದಲ್ಲಿ ಅದಕ್ಕೆ 40 ಸೆಕೆಂಡಿನ ಆಸುಪಾಸು ಬೇಕಾಗುತ್ತದೆ.

ಹಂತ 1: ಕ್ಯಾಸೆಟ್ಟನ್ನು ಕಣ್ಣಿನಿಂದ ಪರೀಕ್ಷಿಸುವುದು

ಒಳ್ಳೆಯ ಬೆಳಕಿನಲ್ಲಿ ಕ್ಯಾಸೆಟ್‌ನ ಕಿಟಕಿಯ ಮೂಲಕ ಸುರುಳಿಯ ಅಂಚನ್ನು ನೋಡಿ. ಅಂಚು ನುಣುಪಾಗಿ, ಒಂದೇ ಬಣ್ಣದಲ್ಲಿದ್ದರೆ ಮುಂದುವರಿಯಬಹುದು. ಬಿಳಿಯ ಪುಡಿಯಂತಹ ಚುಕ್ಕೆಗಳು ಕಂಡರೆ ಅದು ಬೂಷ್ಟು. ಅಂತಹ ಕ್ಯಾಸೆಟ್ಟನ್ನು ಡೆಕ್‌ಗೆ ಹಾಕಲೇಬಾರದು, ಏಕೆಂದರೆ ಬೂಷ್ಟು ಟೇಪನ್ನು ಓದುವ ಭಾಗವಾದ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಬೇರೆ ಚೀಲದಲ್ಲಿ ಮುಚ್ಚಿಟ್ಟು, ಉಳಿದವೆಲ್ಲ ಮುಗಿದ ಮೇಲೆ ಅದರ ಶುಚಿಯ ಕಡೆ ಗಮನ ಕೊಡಿ.

ಟೇಪಿನ ಹಿಂದೆ ಸಣ್ಣ ಲೋಹದ ಪಟ್ಟಿಯ ಮೇಲೆ ಅಂಟಿಸಿರುವ ಮೆತ್ತೆ, ಅಂದರೆ ಪ್ರೆಷರ್ ಪ್ಯಾಡ್, ಇದೆಯೇ ಎಂದು ನೋಡುವುದನ್ನು ಹಲವರು ಮರೆಯುತ್ತಾರೆ. ಹಳೆಯ ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಟೇಪು ಹೆಡ್‌ಗೆ ಒತ್ತಿಕೊಳ್ಳುವುದಿಲ್ಲ, ಧ್ವನಿ ಏರಿಳಿಯುತ್ತಲೇ ಇರುತ್ತದೆ. ಹಾಗಿದ್ದಲ್ಲಿ ಬೇರೆ ಕ್ಯಾಸೆಟ್‌ನ ಮೆತ್ತೆಯನ್ನು ತೆಗೆದು ಅಂಟಿಸಬೇಕು, ಅಥವಾ ಸುರುಳಿಗಳನ್ನೇ ತಿರುಪಿನಿಂದ ಬಿಗಿದ ಬೇರೊಂದು ಕವಚಕ್ಕೆ ವರ್ಗಾಯಿಸಬೇಕು.

ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಪುಟ್ಟ ಕಿವಿಗಳು ಮುರಿದಿಲ್ಲದಿದ್ದರೆ ಈಗಲೇ ಮುರಿಯಿರಿ. ಅವು ಇರುವವರೆಗೂ ಒಂದು ತಪ್ಪು ಗುಂಡಿ ಒತ್ತಿದರೆ ಸಾಕು, ಆಟ ಅಳಿಸಿಹೋಗುತ್ತದೆ.

ಹಂತ 2: ಡೆಕ್ ಅನ್ನು ಶುಚಿಗೊಳಿಸುವುದು

ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಹೆಡ್‌ನ ಮುಖವನ್ನೂ ಟೇಪನ್ನು ಎಳೆಯುವ ಲೋಹದ ಕಂಬವನ್ನೂ ಒರೆಸಿ, ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೂ ಕಡ್ಡಿಗಳನ್ನು ಬದಲಾಯಿಸುತ್ತಿರಿ. ರಬ್ಬರಿನ ರೋಲರಿಗೆ ಆಲ್ಕೊಹಾಲ್ ಹಚ್ಚಬೇಡಿ, ಅದು ರಬ್ಬರನ್ನು ಒಣಗಿಸುತ್ತದೆ; ತುಸು ಸೋಪಿನ ನೀರು ತಾಗಿಸಿದ ಬಟ್ಟೆ ಸಾಕು. ಎಲ್ಲವೂ ಪೂರ್ತಿ ಒಣಗಿದ ನಂತರ ಹಾಡಿನ ಕ್ಯಾಸೆಟ್ಟನ್ನು ಹತ್ತು ನಿಮಿಷ ನುಡಿಸಿ. ಸ್ವರ ತೇಲಾಡಿದರೆ, ಟೇಪು ರೋಲರಿಗೆ ಸುತ್ತಿಕೊಂಡರೆ ಅಥವಾ ಅಂಚು ಸುಕ್ಕಾದರೆ ಡೆಕ್‌ನ ಬೆಲ್ಟ್ ಇಲ್ಲವೇ ರೋಲರ್ ಬದಲಾಯಿಸದೆ ಮುಂದೆ ಹೋಗುವಂತಿಲ್ಲ.

ಹಂತ 3: ಟೇಪನ್ನು ಸಡಿಲಿಸುವುದು

ವರ್ಷಗಟ್ಟಲೆ ಓಡದ ಟೇಪಿನ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲು ಪೆನ್ಸಿಲಿನಿಂದ ನಾಲ್ಕಾರು ಸುತ್ತು ಕೈಯಲ್ಲಿಯೇ ತಿರುಗಿಸಿ, ಸಲೀಸಾಗಿ ತಿರುಗಿದರೆ ಡೆಕ್‌ನಲ್ಲಿ ಕೊನೆಯವರೆಗೂ ಮುಂದಕ್ಕೆ ಓಡಿಸಿ, ಪುನಃ ಆರಂಭಕ್ಕೆ ಸುತ್ತಿ. ಕೀರಲು ಶಬ್ದ ಕೇಳಿಸಿದರೆ ಅಥವಾ ಹೆಡ್‌ನ ಮೇಲೆ ಕಂದು ಪುಡಿ ಉದುರಿದರೆ ಕೂಡಲೇ ನಿಲ್ಲಿಸಬೇಕು. ಕಂದು ಪುಡಿ ಎಂದರೆ ದತ್ತಾಂಶವನ್ನು ಹೊತ್ತ ಲೇಪನವೇ ಕಳಚುತ್ತಿದೆ ಎಂದರ್ಥ. ಅಂತಹ ಟೇಪಿಗೆ ಒಂದೇ ಒಂದು ಅವಕಾಶ ಉಳಿದಿರಬಹುದು, ಅದನ್ನು ಅಜಿಮತ್, ಅಂದರೆ ಹೆಡ್‌ನ ಓರೆ, ಹೊಂದಿಸಿದ ನಂತರದ ರೆಕಾರ್ಡಿಂಗಿಗೆ ಕಾಯ್ದಿರಿಸಿ.

ಹಂತ 4: ಹೆಡ್‌ನ ಓರೆಯನ್ನು ಹೊಂದಿಸುವುದು

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಈ ಹಂತವನ್ನು ಬಿಟ್ಟಿದ್ದರಿಂದ. ಹೆಡ್‌ನ ನಡುವಿನ ಸಣ್ಣ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಈ ಕೋನವನ್ನೇ ಅಜಿಮತ್ ಎನ್ನುವುದು. ನಿಮ್ಮ ಕ್ಯಾಸೆಟ್ಟನ್ನು ಮುದ್ರಿಸಿದ ಯಂತ್ರದ ಕೋನಕ್ಕೂ ನಿಮ್ಮ ಡೆಕ್‌ನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹೆಚ್ಚಿನ ಆವರ್ತನಗಳು ಮಂಕಾಗುತ್ತವೆ. ಚಿಕ್ಕ ಅಲೆಗಳಾದ ಸೊನ್ನೆಗಳು ಕುಗ್ಗಿಹೋಗುತ್ತವೆ, ಉದ್ದ ಅಲೆಗಳಾದ ಒಂದುಗಳು ಹಾಗೆಯೇ ಉಳಿಯುತ್ತವೆ. ಪೈಲಟ್ ಸ್ವರ ಇನ್ನೂ ಕಡಿಮೆ ಆವರ್ತನದ್ದಾದ್ದರಿಂದ ಅದು ಸ್ಪಷ್ಟವಾಗಿಯೇ ಕೇಳಿಸುತ್ತದೆ, ಇದನ್ನು ಕೇಳಿ ಟೇಪು ಚೆನ್ನಾಗಿದೆ ಎಂದು ಜನ ಮೋಸಹೋಗುತ್ತಾರೆ.

ಹೆಡ್‌ನ ಪಕ್ಕದಲ್ಲಿ ಎರಡು ತಿರುಪುಗಳಿರುತ್ತವೆ. ಸ್ಪ್ರಿಂಗ್ ಇರುವ ತಿರುಪೇ ಹೊಂದಿಸುವ ತಿರುಪು, ಇನ್ನೊಂದನ್ನು ಮುಟ್ಟಬಾರದು. ಈಗಿರುವ ಸ್ಥಾನವನ್ನು ಗುರುತು ಹಾಕಿಕೊಳ್ಳಿ. ಕ್ಯಾಸೆಟ್ಟನ್ನು ದತ್ತಾಂಶದ ಭಾಗದಲ್ಲಿ, ಅಂದರೆ ಪೈಲಟ್ ಸ್ವರ ಮುಗಿದು ಕರ್ಕಶ ಧ್ವನಿ ಬರುವ ಕಡೆ, ನುಡಿಸುತ್ತಾ ತಿರುಪನ್ನು ಎಂಟನೇ ಒಂದು ಸುತ್ತಿನಷ್ಟು ಎರಡೂ ಕಡೆಗೆ ನಿಧಾನವಾಗಿ ತಿರುಗಿಸಿ. ಧ್ವನಿ ಅತಿ ಹರಿತವಾಗಿ, ಗರಗಸದಂತೆ ಕೇಳಿಸುವ ಒಂದು ಬಿಂದು ಸಿಗುತ್ತದೆ. ಅದರ ಎರಡೂ ಬದಿಗೆ ಧ್ವನಿ ಕಂಬಳಿ ಹೊದೆಸಿದಂತೆ ಮಂಕಾಗುತ್ತದೆ. ಡೆಕ್ ಸ್ಟೀರಿಯೊ ಆಗಿದ್ದರೆ ಎರಡೂ ಚಾನೆಲ್‌ಗಳನ್ನು ಬೆರೆಸಿ ಕೇಳುವುದು ಇನ್ನೂ ಒಳ್ಳೆಯದು, ಓರೆಯಿದ್ದಾಗ ಎರಡೂ ಒಂದನ್ನೊಂದು ಅಳಿಸುವುದರಿಂದ ವ್ಯತ್ಯಾಸ ಕಿವಿಗೆ ಬೇಗ ತಿಳಿಯುತ್ತದೆ.

ಇದನ್ನು ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು. ಒಂದೇ ಕ್ಯಾಸೆಟ್‌ನ ಎರಡು ಬದಿಗಳಿಗೂ ಬೇರೆ ಬೇರೆ ಹೊಂದಾಣಿಕೆ ಬೇಕಾಗುವುದುಂಟು. ಕ್ಯಾಸೆಟ್ ದುರ್ಬಲವಾಗಿದ್ದರೆ ಅದೇ ಪ್ರಕಾಶಕರ, ಅದೇ ಕಾಲದ ಇನ್ನೊಂದು ಕ್ಯಾಸೆಟ್‌ನಲ್ಲಿ ಮೊದಲು ಹೊಂದಿಸಿಕೊಂಡು ನಂತರ ಇದಕ್ಕೆ ಬನ್ನಿ.

ಹಂತ 5: ರೆಕಾರ್ಡಿಂಗ್

ಡೆಕ್‌ನ ಲೈನ್ ಔಟ್‌ನಿಂದ ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೇಬಲ್ ಜೋಡಿಸಿ. ಡಾಲ್ಬಿ ಮುಂತಾದ ಶಬ್ದ ತಗ್ಗಿಸುವ ಗುಂಡಿಗಳನ್ನು ಬಂದ್ ಮಾಡಿ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಧ್ವನಿಯನ್ನು ಸುಧಾರಿಸುವ, ಪ್ರತಿಧ್ವನಿ ತೆಗೆಯುವ, ಮಟ್ಟವನ್ನು ತಾನಾಗಿಯೇ ಏರಿಳಿಸುವ ಸೌಲಭ್ಯಗಳೆಲ್ಲವನ್ನೂ ನಿಲ್ಲಿಸಬೇಕು. ಮನುಷ್ಯರ ಮಾತಿಗೆಂದು ರೂಪಿಸಿದ ಈ ಸೌಲಭ್ಯಗಳಿಗೆ ಪೈಲಟ್ ಸ್ವರ ಬರಿಯ ಗದ್ದಲವಾಗಿ ಕಾಣುತ್ತದೆ, ಐದು ಸೆಕೆಂಡಿನ ಸ್ವರ ಮೂರನೆಯ ಸೆಕೆಂಡಿನಲ್ಲಿ ಕ್ಷೀಣಿಸತೊಡಗಿದರೆ ಇವುಗಳಲ್ಲೊಂದು ಇನ್ನೂ ಚಾಲೂ ಇದೆ ಎಂದೇ ತಿಳಿಯಬೇಕು.

ಆಡಾಸಿಟಿಯಲ್ಲಿ 44.1 ಕಿಲೋಹರ್ಟ್ಜ್, 16 ಬಿಟ್ ಆಯ್ಕೆಮಾಡಿ. ಮಟ್ಟದ ಶಿಖರ ಮೈನಸ್ 6 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ, ಸೊನ್ನೆಯನ್ನು ಒಮ್ಮೆಯೂ ಮುಟ್ಟದಿರಲಿ. ಡೆಕ್ ಸ್ಟೀರಿಯೊ ಆಗಿದ್ದರೆ ಸ್ಟೀರಿಯೊದಲ್ಲಿಯೇ ರೆಕಾರ್ಡ್ ಮಾಡಿ, ನಂತರ ಎರಡರಲ್ಲಿ ಉತ್ತಮವಾದ ಚಾನೆಲ್ಲನ್ನು ಮಾತ್ರ ಇಟ್ಟುಕೊಳ್ಳಿ. ಕಿವಿಯಲ್ಲಿ ಹೊಂದಿಸಿಕೊಳ್ಳುವಾಗ ಬೆರೆಸುವುದು ಸರಿ, ಅಂತಿಮ ಕಡತದಲ್ಲಿ ಬೆರೆಸುವುದು ತಪ್ಪು.

ಕಡತವನ್ನು ವೇವ್ ರೂಪದಲ್ಲಿಯೇ ಉಳಿಸಿ. ಎಂಪಿ3 ರೂಪ ಮನುಷ್ಯರ ಕಿವಿಗೆ ಕೇಳಿಸದ ವಿವರಗಳನ್ನು ಎಸೆಯುತ್ತದೆ, ಆದರೆ ಇಲ್ಲಿ ಕೇಳುಗನು ಮನುಷ್ಯನಲ್ಲ. ಒಂದು ಚಾನೆಲ್‌ನ ವೇವ್ ಕಡತ ನಿಮಿಷಕ್ಕೆ ಸುಮಾರು 5.3 ಮೆಗಾಬೈಟ್ ಜಾಗ ಹಿಡಿಯುತ್ತದೆ. ಐದು ನಿಮಿಷದ ಆಟವೊಂದಕ್ಕೆ 26 ಮೆಗಾಬೈಟ್ ಎಂದರೆ ಜಿಪುಣತನ ಮಾಡುವಷ್ಟು ದೊಡ್ಡದೇನಲ್ಲ.

ಒಂದೇ ಓಟದಲ್ಲಿ ಇಡೀ ಬದಿಯನ್ನು ರೆಕಾರ್ಡ್ ಮಾಡಿ, ಬ್ಲಾಕ್‌ಗಳ ನಡುವಿನ ಮೌನವನ್ನು ಕತ್ತರಿಸಬೇಡಿ. ನಂತರ ಇನ್ನೊಂದು ಬದಿಯನ್ನೂ ಮಾಡಿ. ವಾಣಿಜ್ಯ ಕ್ಯಾಸೆಟ್‌ಗಳಲ್ಲಿ ಎಷ್ಟೋ ಬಾರಿ ಎರಡೂ ಬದಿಯಲ್ಲಿ ಅದೇ ಆಟ ಇರುತ್ತಿತ್ತು, ಎಂಟನೆಯ ಹಂತದಲ್ಲಿ ಅದು ಕೈಹಿಡಿಯುತ್ತದೆ.

ಹಂತ 6: ಅಲೆಯನ್ನು ಅಳೆಯುವುದು

ಪರಿವರ್ತಕಕ್ಕೆ ಕೊಡುವ ಮೊದಲು ಆಡಾಸಿಟಿಯಲ್ಲಿ ಪೈಲಟ್ ಸ್ವರವನ್ನು ಹಿಗ್ಗಿಸಿ ನೋಡಿ. ಸರಿಯಾದ 100 ಅಲೆಗಳನ್ನು ಆಯ್ಕೆಮಾಡಿ ಅವುಗಳ ಒಟ್ಟು ಅವಧಿಯನ್ನು ಓದಿಕೊಳ್ಳಿ. ಅದು ಸುಮಾರು 0.124 ಸೆಕೆಂಡ್ ಇರಬೇಕು. 0.118 ಬಂದರೆ ನಿಮ್ಮ ಡೆಕ್ ಶೇ. 5ರಷ್ಟು ವೇಗವಾಗಿ ಓಡುತ್ತಿದೆ, 0.130 ಬಂದರೆ ಅಷ್ಟೇ ನಿಧಾನವಾಗಿ ಓಡುತ್ತಿದೆ. ಸಣ್ಣ ವ್ಯತ್ಯಾಸವನ್ನು ಪರಿವರ್ತಕಗಳು ಸಹಿಸಿಕೊಳ್ಳುತ್ತವೆ. ದೊಡ್ಡದಾದರೆ ಡೆಕ್‌ನ ಮೋಟಾರನ್ನು ಸರಿಪಡಿಸಿ ಪುನಃ ರೆಕಾರ್ಡ್ ಮಾಡುವುದೇ ಸರಿಯಾದ ದಾರಿ. ಆರಂಭದ ಪೈಲಟ್ ಸ್ವರದಲ್ಲಿ ಒಂದು ಅಳತೆ, ಕೊನೆಯ ಬ್ಲಾಕಿನದರಲ್ಲಿ ಇನ್ನೊಂದು ಅಳತೆ ಬಂದರೆ ವೇಗ ಸ್ಥಿರವಾಗಿಲ್ಲ ಎಂದರ್ಥ, ಆಗ ಬೆಲ್ಟ್ ಅನ್ನು ಅನುಮಾನಿಸಿ.

ಮುಂದೆ ದತ್ತಾಂಶದ ಭಾಗವನ್ನು ನೋಡಿ. ಚಿಕ್ಕ ಅಲೆಗಳು ಮತ್ತು ಉದ್ದ ಅಲೆಗಳು ಎತ್ತರದಲ್ಲಿ ಹೆಚ್ಚುಕಡಿಮೆ ಸಮನಾಗಿರಬೇಕು. ಚಿಕ್ಕವು ಉದ್ದದವುಗಳ ಅರ್ಧದಷ್ಟೂ ಎತ್ತರವಿಲ್ಲದಿದ್ದರೆ ನಾಲ್ಕನೆಯ ಹಂತಕ್ಕೆ ಹಿಂತಿರುಗಿ. ಅಲೆಗಳ ತುದಿ ಚಪ್ಪಟೆಯಾಗಿ ಕತ್ತರಿಸಿದಂತಿದ್ದರೆ ಐದನೆಯ ಹಂತಕ್ಕೆ ಹಿಂತಿರುಗಿ ಮಟ್ಟ ಇಳಿಸಿ. ಅಲೆಗಳು ನಡುಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಮಾತ್ರ ಆಡಾಸಿಟಿಯ ಡಿಸಿ ಆಫ್‌ಸೆಟ್ ತೆಗೆಯುವ ಸೌಲಭ್ಯವನ್ನು ಬಳಸಬಹುದು. ಗದ್ದಲ ತೆಗೆಯುವ ಫಿಲ್ಟರುಗಳನ್ನು ಬಳಸಲೇಬೇಡಿ. ಅವು ಹಿನ್ನೆಲೆಯ ಸದ್ದಿನ ಜೊತೆಗೆ ಅಲೆಗಳು ನಡುಗೆರೆಯನ್ನು ದಾಟುವ ಕ್ಷಣಗಳನ್ನೂ ಜರುಗಿಸುತ್ತವೆ, ಮಾಹಿತಿ ಇರುವುದು ಆ ಕ್ಷಣಗಳ ಅಂತರದಲ್ಲಿಯೇ.

ಹಂತ 7: ಪರಿವರ್ತನೆ

ಎರಡು ರೂಪಗಳು ಬಳಕೆಯಲ್ಲಿವೆ. ಟ್ಯಾಪ್ ಕಡತದಲ್ಲಿ ಬ್ಲಾಕ್‌ಗಳ ಬೈಟ್‌ಗಳು ಮಾತ್ರ ಇರುತ್ತವೆ, ಪ್ರತಿ ಬ್ಲಾಕಿನ ಮುಂದೆ ಎರಡು ಬೈಟ್‌ಗಳಲ್ಲಿ ಅದರ ಉದ್ದ. ಟಿಜೆಡ್‌ಎಕ್ಸ್ ಕಡತದಲ್ಲಿ ಬೈಟ್‌ಗಳ ಜೊತೆಗೆ ಅಲೆಗಳ ಉದ್ದ ಮತ್ತು ಮೌನದ ಅವಧಿಯೂ ದಾಖಲಾಗುತ್ತದೆ. ಸ್ಪೆಕ್ಟ್ರಮ್‌ನ ಸ್ವಂತ ಲೋಡಿಂಗ್ ಕ್ರಮವನ್ನೇ ಬಳಸಿದ ಆರಂಭಕಾಲದ ಆಟಗಳಿಗೆ ಟ್ಯಾಪ್ ಸಾಕು. ಸ್ಪೀಡ್‌ಲಾಕ್, ಅಲ್ಕಟ್ರಾಜ್ ಮುಂತಾದ ವಿಶೇಷ ಲೋಡರುಗಳಿರುವ (ಲೋಡರ್ ಎಂದರೆ ಟೇಪಿನಿಂದ ಆಟವನ್ನು ತುಂಬಿಸುವ ಪುಟ್ಟ ಪ್ರೋಗ್ರಾಂ) ಆಟಗಳಿಗೆ ಟಿಜೆಡ್‌ಎಕ್ಸ್ ಬೇಕೇಬೇಕು, ಏಕೆಂದರೆ ಅವುಗಳ ಅಲೆಗಳ ಉದ್ದ ಬೇರೆ, ಪೈಲಟ್ ಸ್ವರವೇ ಬೇರೆ ರೀತಿಯದು.

ವಿಶೇಷ ಲೋಡರನ್ನು ಗುರುತಿಸುವುದು ಸುಲಭ. ಆರಂಭದ, ಬೇಸಿಕ್ ಭಾಷೆಯ ಒಂದು ಪುಟ್ಟ ಬ್ಲಾಕ್ ಸರಿಯಾಗಿ ಪರಿವರ್ತನೆಯಾಗಿ, ಅದರ ನಂತರದ ಉದ್ದನೆಯ ಭಾಗದಲ್ಲಿ ಏನೂ ಸಿಗದಿದ್ದರೆ, ಮತ್ತು ಆ ಭಾಗದ ಅಲೆಗಳು ಕಣ್ಣಿಗೆ ಸ್ವಚ್ಛವಾಗಿಯೇ ಕಂಡರೆ, ಅದು ಹಾಳಾದ ಟೇಪಲ್ಲ, ಬೇರೆ ಲೋಡರು. ಇದನ್ನು ತಿಳಿಯದೆ ಒಳ್ಳೆಯ ಕ್ಯಾಸೆಟ್‌ಗಳನ್ನೇ ಕೆಟ್ಟವೆಂದು ಬದಿಗಿಟ್ಟವರಿದ್ದಾರೆ. ಇಂತಹ ಕೆಲವು ಲೋಡರುಗಳಿಗೆ ಅಲೆಯ ದಿಕ್ಕೂ ಮುಖ್ಯವಾಗುತ್ತದೆ. ಆಡಾಸಿಟಿಯಲ್ಲಿ ಅಲೆಯನ್ನು ತಲೆಕೆಳಗು ಮಾಡಿ ಒಮ್ಮೆ ಪ್ರಯತ್ನಿಸಿ.

ಪರಿವರ್ತನೆಯಾದ ನಂತರ ಬ್ಲಾಕ್‌ಗಳ ಪಟ್ಟಿಯನ್ನು ಓದಿ. ಹೆಡರ್ ಬ್ಲಾಕ್‌ನ ಉದ್ದ 19 ಎಂದಿರಬೇಕು, ಪೂರ್ಣ ಲೋಡಿಂಗ್ ಪರದೆಯದು 6914 ಎಂದಿರಬೇಕು. ಗುರುತಿನ ಬೈಟ್ ಮತ್ತು ಚೆಕ್‌ಸಮ್ ಸೇರಿ ಎರಡು ಹೆಚ್ಚಾಗುತ್ತವೆ. ಒಂದೆರಡು ಬೈಟ್ ಕಡಿಮೆಯಾಗಿದ್ದರೆ ಮಧ್ಯದಲ್ಲೆಲ್ಲೋ ಕೆಲವು ಅಲೆಗಳು ಕಳೆದುಹೋಗಿವೆ.

ಹಂತ 8: ಎರಡು ರೆಕಾರ್ಡಿಂಗ್‌ಗಳನ್ನು ಹೋಲಿಸುವುದು

ಚೆಕ್‌ಸಮ್ ಸರಿಯಿದ್ದ ಮಾತ್ರಕ್ಕೆ ಬ್ಲಾಕ್ ಸರಿಯಿದೆ ಎಂದು ಖಾತ್ರಿಯಾಗಿ ಹೇಳಲಾಗದು. ಬ್ಲಾಕಿನ ಎಲ್ಲ ಬೈಟ್‌ಗಳನ್ನು ಎಕ್ಸ್‌ಕ್ಲೂಸಿವ್ ಆರ್ ಕ್ರಿಯೆಯಿಂದ ಸೇರಿಸಿ ಪಡೆದ ಒಂದೇ ಬೈಟ್ ಅದು, ಎರಡು ಬೇರೆ ಬೈಟ್‌ಗಳಲ್ಲಿ ಅದೇ ಸ್ಥಾನದ ಬಿಟ್ ತಪ್ಪಿದ್ದರೆ ಎರಡೂ ತಪ್ಪುಗಳು ಪರಸ್ಪರ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಕನಿಷ್ಠ ಎರಡು ಬಾರಿ ರೆಕಾರ್ಡ್ ಮಾಡಿ, ಎರಡನ್ನೂ ಪ್ರತ್ಯೇಕವಾಗಿ ಪರಿವರ್ತಿಸಿ, ಬಂದ ಬ್ಲಾಕ್‌ಗಳನ್ನು ಬೈಟ್ ಬೈಟಾಗಿ ಹೋಲಿಸಿ. ಒಂದು ರೆಕಾರ್ಡಿಂಗ್‌ನಲ್ಲಿ ಮೂರನೆಯ ಬ್ಲಾಕ್ ಕೆಟ್ಟು ಇನ್ನೊಂದರಲ್ಲಿ ಐದನೆಯದು ಕೆಟ್ಟಿದ್ದರೆ ಒಳ್ಳೆಯ ಬ್ಲಾಕ್‌ಗಳನ್ನು ಆರಿಸಿ ಒಂದೇ ಕಡತವಾಗಿ ಜೋಡಿಸಬಹುದು. ಎರಡೂ ಬದಿಯಲ್ಲಿ ಅದೇ ಆಟವಿದ್ದರೆ ಎರಡನೆಯ ಬದಿ ನಿಮ್ಮ ಅತ್ಯುತ್ತಮ ಸಾಕ್ಷಿ.

ಹಂತ 9: ಎಮ್ಯುಲೇಟರಿನಲ್ಲಿ ಪರೀಕ್ಷೆ

ಫ್ಯೂಸ್‌ನಲ್ಲಿ ಮೊದಲು 48ಕೆ ಯಂತ್ರವನ್ನು, ಅಂದರೆ 48 ಕಿಲೋಬೈಟ್ ಮೆಮೊರಿಯ ಸ್ಪೆಕ್ಟ್ರಮ್ ಅನ್ನು, ಆಯ್ಕೆಮಾಡಿ. ಹಳೆಯ ಆಟಗಳಲ್ಲಿ ಕೆಲವು 128ಕೆ ಯಂತ್ರದಲ್ಲಿ ಓಡುವುದಿಲ್ಲ, ಆ ವೈಫಲ್ಯವನ್ನು ಕಡತದ ದೋಷವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಟೇಪನ್ನು ಕ್ಷಣದಲ್ಲಿ ತುಂಬಿಸುವ ಸೌಲಭ್ಯವನ್ನು ಬಂದ್ ಮಾಡಿ, ನೈಜ ವೇಗದಲ್ಲಿ ಒಮ್ಮೆಯಾದರೂ ಪೂರ್ತಿ ಲೋಡ್ ಮಾಡಿ. ಜೆ ಕೀಲಿಯನ್ನು ಒತ್ತಿದರೆ ಲೋಡ್ ಎಂಬ ಆದೇಶ ಮೂಡುತ್ತದೆ, ಸಿಂಬಲ್ ಶಿಫ್ಟ್ ಹಿಡಿದು ಪಿ ಕೀಲಿಯನ್ನು ಎರಡು ಬಾರಿ ಒತ್ತಿ ಎಂಟರ್ ಕೊಡಿ, ನಂತರ ಟೇಪನ್ನು ಚಾಲೂ ಮಾಡಿ.

ಪರದೆಯ ಅಂಚಿನಲ್ಲಿ ಪೈಲಟ್ ಸ್ವರಕ್ಕೆ ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆಗಳು, ದತ್ತಾಂಶಕ್ಕೆ ನೀಲಿ ಮತ್ತು ಹಳದಿಯ ತೆಳುಗೆರೆಗಳು ಕಾಣಬೇಕು. ಟೇಪ್ ಲೋಡಿಂಗ್ ಎರರ್ ಎಂಬ ಸಂದೇಶ ಬ್ಲಾಕಿನ ಮಧ್ಯದಲ್ಲಿಯೇ ಬಂದರೆ ಅಲ್ಲಿ ಅಲೆ ಪೂರ್ತಿ ಮಾಯವಾಗಿದೆ, ವೇವ್ ಕಡತದಲ್ಲಿ ಆ ಜಾಗ ಬರಿಗಣ್ಣಿಗೇ ಸಿಗುತ್ತದೆ. ಬ್ಲಾಕ್ ಕೊನೆಯವರೆಗೂ ಓದಿ ಆಮೇಲೆ ಸಂದೇಶ ಬಂದರೆ ಯಾವುದೋ ಬಿಟ್ ತಪ್ಪಾಗಿ ಓದಲ್ಪಟ್ಟು ಚೆಕ್‌ಸಮ್ ತಾಳೆಯಾಗಿಲ್ಲ.

ಲೋಡ್ ಆದ ಕೂಡಲೇ ಮುಗಿಯಿತೆಂದು ಎದ್ದುಬಿಡಬೇಡಿ. ಆಟವನ್ನು ಸ್ವಲ್ಪ ಹೊತ್ತು ಆಡಿ, ಕೋಣೆಗಳ ಚಿತ್ರಗಳು, ಧ್ವನಿ, ಅಂಕಗಳ ಪಟ್ಟಿ ಎಲ್ಲವನ್ನೂ ಗಮನಿಸಿ. ಮ್ಯಾನಿಕ್ ಮೈನರ್‌ನಂತಹ ಆಟದಲ್ಲಿ 20 ಗುಹೆಗಳಿವೆ, ಹದಿನೈದನೆಯ ಗುಹೆಯ ನಕ್ಷೆಯಲ್ಲಿ ಒಂದು ಬೈಟ್ ಕೆಟ್ಟಿದ್ದರೆ ಮೊದಲ ಗುಹೆಯಲ್ಲಿ ಅದರ ಸುಳಿವೇ ಸಿಗದು.

ಆಟ ತೆರೆದುಕೊಂಡು ಬಣ್ಣಗಳ ಸಂಕೇತವನ್ನೋ ಅಕ್ಷರಗಳನ್ನೋ ಕೇಳಿದರೆ ಅದು ನಕಲು ತಡೆಯುವ ವ್ಯವಸ್ಥೆ. ಜೆಟ್ ಸೆಟ್ ವಿಲ್ಲಿಗೆ ಬಣ್ಣದ ಸಂಕೇತಗಳ ಕಾಗದ ಬೇಕು. ಎಲೀಟ್‌ನ ಸ್ಪೆಕ್ಟ್ರಮ್ ಆವೃತ್ತಿಗೆ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಮಸೂರ ಬೇಕು, ಅದನ್ನು ಪರದೆಗೆ ಹಿಡಿದು ಚೂರಾದ ಅಕ್ಷರಗಳನ್ನು ಓದಬೇಕಾಗುತ್ತದೆ.

ಹಂತ 10: ಜೋಪಾನವಾಗಿ ಇಡುವುದು

ಮೂಲ ವೇವ್ ಕಡತವನ್ನು ಅಳಿಸಬೇಡಿ. ಮುಂದೆ ಉತ್ತಮ ಪರಿವರ್ತಕ ಬಂದಾಗ ಟೇಪನ್ನು ಮತ್ತೆ ಓಡಿಸದೆ ಅದರಿಂದಲೇ ಕೆಲಸ ಮಾಡಬಹುದು. ಜಾಗ ಉಳಿಸಬೇಕೆಂದಿದ್ದರೆ ಏನನ್ನೂ ಕಳೆಯದ ಫ್ಲಾಕ್ ರೂಪಕ್ಕೆ ಬದಲಾಯಿಸಿ. ಆಟ ಲೋಡ್ ಆದ ನಂತರ ಎಮ್ಯುಲೇಟರಿನಲ್ಲಿ ತೆಗೆದ ಸ್ನ್ಯಾಪ್‌ಶಾಟ್ ಟೇಪಿನ ಬದಲಿಯಾಗದು, ಏಕೆಂದರೆ ಅದರಲ್ಲಿ ಆ ಕ್ಷಣದ ಮೆಮೊರಿ ಮಾತ್ರ ಇರುತ್ತದೆ, ಲೋಡರ್ ಇರುವುದಿಲ್ಲ, ಹಂತ ಹಂತವಾಗಿ ಟೇಪಿನಿಂದ ತುಂಬಿಕೊಳ್ಳುವ ಆಟಗಳ ಮುಂದಿನ ಭಾಗಗಳೂ ಇರುವುದಿಲ್ಲ.

ಕ್ಯಾಸೆಟ್‌ನ ಎರಡೂ ಬದಿಯ ಚೀಟಿ, ಒಳಹಾಳೆ, ಸಂಕೇತದ ಕಾಗದಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅದೇ ಕಡತಕೋಶದಲ್ಲಿಡಿ. ಕಡತದ ಹೆಸರಿನಲ್ಲಿ ಆಟ, ವರ್ಷ, ಪ್ರಕಾಶಕರು ಮತ್ತು ಕ್ಯಾಸೆಟ್‌ನ ಬದಿ ಇರಲಿ. ಮ್ಯಾನಿಕ್ ಮೈನರ್ ಮೊದಲು ಬಗ್-ಬೈಟ್‌ನಿಂದ, ನಂತರ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್‌ನಿಂದ ಬಂದಿತು, ಎರಡನ್ನೂ ಒಂದೇ ಹೆಸರಿನಲ್ಲಿ ಉಳಿಸಿದರೆ ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ. ಇಂತಹ ಆಟಗಳ ಹಕ್ಕುಸ್ವಾಮ್ಯ ಇನ್ನೂ ಜೀವಂತವಾಗಿರಬಹುದಾದ್ದರಿಂದ ಕಡತಗಳನ್ನು ಇತರರಿಗೆ ಹಂಚುವ ಮೊದಲು ನಿಮ್ಮ ದೇಶದ ಕಾನೂನನ್ನು ನೋಡಿಕೊಳ್ಳಿ.

ಕಮಡೋರ್ 64ರ ಕ್ಯಾಸೆಟ್‌ಗಳಿದ್ದರೆ

ಇದು ಅದೇ ಕಾಲದ ಇನ್ನೊಂದು ಮನೆಬಳಕೆಯ ಕಂಪ್ಯೂಟರ್. ಒಂದರಿಂದ ಐದನೆಯ ಹಂತದವರೆಗೆ ಕ್ರಮ ಅದೇ. ಆರನೆಯ ಹಂತದ ಅಂಕಿಗಳು ಅಲ್ಲಿಗೆ ಅನ್ವಯಿಸುವುದಿಲ್ಲ. ಕಮಡೋರ್‌ನ ಸ್ವಂತ ಕ್ರಮದಲ್ಲಿ ಗಿಡ್ಡ, ಮಧ್ಯಮ, ಉದ್ದ ಎಂದು ಮೂರು ಅಳತೆಯ ಅಲೆಗಳಿವೆ, ಆಟಗಳಲ್ಲಿ ಹೆಚ್ಚಿನವು ಟರ್ಬೊ ಲೋಡರುಗಳನ್ನು ಬಳಸುತ್ತವೆ. ಅದರ ಟೇಪ್ ಕಡತಕ್ಕೂ ಟ್ಯಾಪ್ ಎಂದೇ ಹೆಸರು, ಆದರೆ ಒಳಗಿನ ರಚನೆ ಸಂಪೂರ್ಣ ಬೇರೆ. ಅಲ್ಲಿ ಬೈಟ್‌ಗಳ ಬದಲು ಪ್ರತಿ ಅಲೆಯ ಅವಧಿಯೇ ದಾಖಲಾಗಿರುತ್ತದೆ. ಒಂದು ಯಂತ್ರದ ಟ್ಯಾಪ್ ಕಡತವನ್ನು ಇನ್ನೊಂದರ ಎಮ್ಯುಲೇಟರಿಗೆ ಕೊಟ್ಟು ಕಡತ ಹಾಳಾಗಿದೆ ಎಂದುಕೊಳ್ಳುವವರು ಇಂದಿಗೂ ಇದ್ದಾರೆ, ಆದ್ದರಿಂದ ಎರಡೂ ಯಂತ್ರಗಳ ಕ್ಯಾಸೆಟ್‌ಗಳಿರುವವರು ಮೊದಲ ದಿನದಿಂದಲೇ ಕಡತಗಳನ್ನು ಪ್ರತ್ಯೇಕ ಕೋಶಗಳಲ್ಲಿ ಇಡಬೇಕು.